ಹಾಲೂಡಿಸುವ ತಾಯಿ, ಬರಲಾಗುವುದಿಲ್ಲ

ಬುಸೈನಾ ತನ್ನ ಸಿಟ್ಟನ್ನು ಮಗು ಸಾಕಿದ ಹಾಗೆ ಸಾಕಿದವಳು. ಹೊತ್ತು ಹೊತ್ತಿಗೆ ಅದರ ಹೊಟ್ಟೆ ತುಂಬಿಸಿ, ತಟ್ಟಿ ಮಲಗಿಸಿ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಆಗಾಗ ಹೋಗಿ ಬಗ್ಗಿ ನೋಡಿ ಬರುತ್ತಿದ್ದಳು. ಅಶ್ರಫೀಯ ಗುಡ್ಡದ ಆ ಮೆಟ್ಟಿಲು ಓಣಿಯಲ್ಲಿ ಇದು ಗೊತ್ತಿದ್ದದ್ದು ಅವಳ ಅತ್ತೆಗೆ ಮಾತ್ರ. ಉಳಿದವರ ಕಣ್ಣಿಗೆ ಅವಳು ಉಮ್ಮ್ ರಹಫ್, ರಹಫಳ ಅಮ್ಮ. ಅಮ್ಮಾನಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೋಗಿಗಳಿಗೆ ವಿಕಿರಣದ ಮದ್ದು ಚುಚ್ಚಿ, ಅದು ಮೈಯೊಳಗೆ ಎಲ್ಲೆಲ್ಲಿ ಕೂತಿತು ಎಂದು ಯಂತ್ರದಲ್ಲಿ ಚಿತ್ರ ತೆಗೆಯುವವಳು. ಕೆಲಸ ಮುಗಿಸಿ ಬಂದರೆ ಮೊಣಕೈವರೆಗೂ ಮೂರು ಸಲ ಸೋಪು ಹಾಕಿ ತೊಳೆದ ಹೊರತು ತನ್ನ ಮಗುವನ್ನು ಮುಟ್ಟುವವಳಲ್ಲ. ಆಸ್ಪತ್ರೆಯ ಬಟ್ಟೆಯನ್ನಂತೂ ಮನೆಯ ಹೊಸ್ತಿಲು ದಾಟಿಸಿದವಳೇ ಅಲ್ಲ.

ಸಿಟ್ಟು ಹುಟ್ಟಿದ್ದು ರಹಫ್ ಕೈಗೂಸಾಗಿದ್ದಾಗ.

ಆಗ ಸುತ್ತಲಿನ ದೇಶಗಳು ಸೇರಿ ಒಂದು ಒಪ್ಪಂದಕ್ಕೆ ಬಂದಿದ್ದವು. ಒಂದು ದೇಶದಲ್ಲಿ ಯಂತ್ರ ಇತ್ತು, ನಡೆಸುವವರಿರಲಿಲ್ಲ. ಇನ್ನೊಂದರಲ್ಲಿ ನಡೆಸುವವರಿದ್ದರು, ಮದ್ದಿರಲಿಲ್ಲ. ಮತ್ತೊಂದರಲ್ಲಿ ಎರಡೂ ಇದ್ದವು, ಜೊತೆಗೆ ಯುದ್ಧವೂ ಇತ್ತು. ಹಾಗಾಗಿ ಒಬ್ಬರ ಒಲೆ, ಒಬ್ಬರ ಹಿಟ್ಟು, ಇನ್ನೊಬ್ಬರ ಕೈ ಎಂಬಂತೆ ಎಲ್ಲರೂ ಕೂಡಿಯೇ ರೊಟ್ಟಿ ಸುಡೋಣ, ಕಲಿತವರು ಕಲಿಯದವರಿಗೆ ಕಲಿಸೋಣ, ಕ್ಯಾನ್ಸರ್ ಬಂದವರು ಇನ್ನು ಯೂರೋಪಿನ ಬಾಗಿಲು ಕಾಯುವುದು ಬೇಡ ಎಂದು ಮಾತಾಯಿತು. ಒಂದೊಂದು ಆಸ್ಪತ್ರೆಯಿಂದ ಒಬ್ಬೊಬ್ಬರು ಬೈರೂತಿಗೆ ಹೋಗಿ ಒಂದಿಡೀ ಚಳಿಗಾಲ ಕಲಿತು ಬರಬೇಕು. ಅಮ್ಮಾನಿನಿಂದ ಬುಸೈನಾಳ ಹೆಸರು ಬಂತು.

ರಹಫ್‌ಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಬುಸೈನಾ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಳು. ಹಾಲು ಬತ್ತಲೆಂದು ಅತ್ತೆ ಮರಮೀಯ ಸೊಪ್ಪಿನ ಕಷಾಯ ಕುದಿಸಿ ಕುದಿಸಿ ಕೊಟ್ಟಳು. ಕೂಸು ಸೀಸೆಯ ರಬ್ಬರನ್ನು ನಾಲಿಗೆಯಿಂದ ನೂಕಿ ಅತ್ತಿತು. ಅತ್ತೆ ಅದನ್ನು ಎತ್ತಿಕೊಂಡು ತಾರಸಿ ಹತ್ತಿದರೆ, ಬುಸೈನಾ ಕೆಳಗೆ ಕದ ಮುಚ್ಚಿಕೊಂಡು ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಕಡೆಗೆ ಕೂಸು ಸೋತಿತು, ಸೀಸೆ ಹಿಡಿಯಿತು. ಹಾಲು ಬತ್ತಿತು. ಪೆಟ್ಟಿಗೆ ಕಟ್ಟಿ ಮುಗಿಸಿ ಆಸ್ಪತ್ರೆಗೆ ಹೋದರೆ, ಬಾಗಿಲಲ್ಲೇ ಒಬ್ಬಳು ನರ್ಸು ಕೇಳಿದಳು: "ನೀನು ಬರಲ್ಲ ಅಂದ್ಬಿಟ್ಯಂತೆ? ಗುಸೂನ್ ಹೊರಟಳಲ್ಲ!"

ಗುಸೂನ್ ಪಕ್ಕದ ಕುರ್ಚಿಯವಳು. ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಂಡವಳು. ಎದೆಗೆ ಬಟ್ಟೆ ಸುತ್ತುವುದನ್ನು ಆಸ್ಪತ್ರೆಯ ಬಚ್ಚಲಲ್ಲಿ ನಿಂತು ಬಿಗಿಮಾಡಿ ಕೊಟ್ಟವಳೂ ಅವಳೇ. ಅದೇ ಗುಸೂನ್ ವಿಭಾಗದ ಮುಖ್ಯ ವೈದ್ಯರ ಕೋಣೆಗೆ ಹೋಗಿ ಕಣ್ಣು ತಗ್ಗಿಸಿ ಹೇಳಿದ್ದಳು: "ಪಾಪ ಸಾರ್, ಹಾಲೂಡಿಸುವ ತಾಯಿ, ಬರಲಾಗುವುದಿಲ್ಲ. ನಿಮ್ಮೆದುರಿಗೆ ಹೇಳೋಕೆ ನಾಚಿಕೆ ಅವಳಿಗೆ." ಮುಖ್ಯ ವೈದ್ಯರು ಮರ್ಯಾದಸ್ಥರು. ಹಾಲು ಎಂಬ ಮಾತು ಬಿದ್ದದ್ದೇ ಅವರು ಗೋಡೆ ನೋಡಿದರು. ಪರರ ಹೆಂಡತಿಯನ್ನು ಕರೆಸಿ, ಏನಮ್ಮ, ನಿನಗೆ ಹಾಲಿದೆಯಾ ಎಂದು ಕೇಳುವ ಗಂಡಸು ಆ ಊರಲ್ಲಿ ಹುಟ್ಟಿಲ್ಲ. ಕೇಳದೇ ಹೆಸರು ಬದಲಾಯಿಸಿದರು.

ಆ ಸಂಜೆ ಅತ್ತೆ ಅಂದಳು: "ಹಾಲೂ ಹೋಯ್ತು, ಬೈರೂತೂ ಹೋಯ್ತು. ಹಿಡ್ಕೋ ಈಗ ಸೀಸೆ."

ಹೋದ ಹಾಲನ್ನು ಮತ್ತೆ ತರಿಸಲು ಬುಸೈನಾ ಮೆಂತ್ಯ ತಿಂದಳು, ಖರ್ಜೂರ ತಿಂದಳು, ಕಂಡವರ ಹರಕೆಯನ್ನೆಲ್ಲ ಹೊತ್ತಳು. ಬರಲಿಲ್ಲ.

ಗುಸೂನ್ ಬೈರೂತಿನಿಂದ ಬಂದು ಏಣಿ ಹತ್ತುತ್ತಾ ಹೋದಳು. ವರ್ಷಗಳು ಕಳೆದು, ಈಗ ಆ ದೇಶಗಳ ಕೂಟಕ್ಕೆಲ್ಲ ಅಮ್ಮಾನಿನ ಸಂಯೋಜಕಿ ಅವಳೇ. ಬಸ್ರಾ, ಮಸ್ಕತ್, ಸನಾದ ಆಸ್ಪತ್ರೆಗಳನ್ನು ಪರದೆಯ ಮೇಲೆ ಒಟ್ಟು ಸೇರಿಸಿ ಪಾಠ ನಡೆಸುವುದು, ಬಂದ ಶಿಬಿರಾರ್ಥಿಗಳಿಗೆ ಭಾಷಣ ಮಾಡುವುದು. ಬುಸೈನಾ ನೆಲಮಾಳಿಗೆಯಲ್ಲೇ ಉಳಿದಳು. ಕೆಲಸದಲ್ಲಿ ಒಂದು ಮಾತು ಹೆಚ್ಚು ಆಡಲಿಲ್ಲ, ಒಂದು ಕಡಿಮೆ ಮಾಡಲಿಲ್ಲ. "ಮೇಡಂ" ಅಂದಳು. "ನೀವು" ಅಂದಳು. ಗುಸೂನಳ ಕೈಯ ಕಾಫಿಯನ್ನು ಮಾತ್ರ ಒಂದು ದಿನವೂ ಕುಡಿಯಲಿಲ್ಲ.

ಗುಸೂನ್‌ಗೆ ಬಹಳ ಕಾಲ ಮಕ್ಕಳಾಗಲಿಲ್ಲ. ಕಡೆಗೆ ಒಂದು ಗಂಡು ಹುಟ್ಟಿತು, ಕಿನಾನ್ ಎಂದು ಹೆಸರಿಟ್ಟರು. ಅದೇ ಸಮಯಕ್ಕೆ ಬುಸೈನಾಗೂ ಎರಡನೆಯ ಹೆಣ್ಣು, ಲುಜೈನ್, ಹುಟ್ಟಿತು. ಹೆರಿಗೆಯ ಬೆನ್ನಿಗೇ ಗುಸೂನಳ ಗಂಟಲ ಗ್ರಂಥಿಯಲ್ಲಿ ಗಂಟು ಕಂಡಿತು, ಕ್ಯಾನ್ಸರ್ ಎಂದರು, ಗ್ರಂಥಿಯನ್ನೇ ಕೊಯ್ದು ತೆಗೆದರು. ಉಳಿದಿರಬಹುದಾದ ಚೂರುಪಾರನ್ನು ಸುಡಲು ಅಯೋಡಿನ್ನಿನ ದೊಡ್ಡ ಮದ್ದು ಕೊಡಬೇಕು. ಅದಕ್ಕೆ ಮೊದಲು, ಮಾರನೇ ದಿನಕ್ಕೆ ಆರಿಹೋಗುವಂಥ ಸಣ್ಣ ಮದ್ದು ಚುಚ್ಚಿ ಒಂದು ಚಿತ್ರ ತೆಗೆಯಬೇಕು.

ಆ ಚಿತ್ರಕ್ಕಾಗಿ ಗುಸೂನ್ ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ನೆಲಮಾಳಿಗೆಗೆ ಇಳಿದು ಬಂದಳು.

"ನೀನೇ ತೆಗೀಬೇಕು ಕಣೇ. ಬೇರೆಯವರ ಕೈಲಿ ನಂಗೆ ಬೇಡ."

"ಆಗಲಿ ಮೇಡಂ."

"ಇನ್ನೂ ಮೇಡಂ ಅಂತೀಯಲ್ಲೇ."

"ದೊಡ್ಡವರಿಗೆ ಮತ್ತೇನಂತಾರೆ? ಮಲಗಿ. ಮಗುಗೆ ಹಾಲು ಬಿಡಿಸಿದೀರಾ?"

"ಹೂಂ, ಆಪರೇಷನ್ ಆದಾಗ್ಲೇ. ಸಾರ್ ಕೇಳಿದ್ರು, ಹೇಳಿದೀನಿ."

ಸಾರ್ ಹೇಗೆ ಕೇಳಿರುತ್ತಾರೆಂದು ಬುಸೈನಾಗೆ ಗೊತ್ತಿತ್ತು. ಗೋಡೆಯನ್ನು ಕೇಳಿರುತ್ತಾರೆ.

ಮದ್ದು ಚುಚ್ಚಿ, ಅದು ಮೈಯಲ್ಲಿ ಹರಡಿದ ಮೇಲೆ ಯಂತ್ರ ಮೆಲ್ಲಗೆ ಕೆಳಗಿಳಿಯಿತು. ಪರದೆಯ ಕತ್ತಲಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಕು ಕೂಡತೊಡಗಿತು. ಕುತ್ತಿಗೆಯಲ್ಲಿ ಸಾಸಿವೆಯಷ್ಟು ಒಂದು ಮಿನುಗು. ಅದರ ಕೆಳಗೆ, ಇರಬಾರದ ಕಡೆ, ಎದೆಯ ಎಡಕ್ಕೊಂದು ಬಲಕ್ಕೊಂದು, ಎರಡು ದೀಪ ಹಚ್ಚಿಟ್ಟಂತೆ ಉರಿಯುತ್ತಿದ್ದವು. ಹಾಲಿಲ್ಲದ ಎದೆ ಹಾಗೆ ಹೊಳೆಯುವುದಿಲ್ಲ.

ಬುಸೈನಾ ಒಂದು ಕ್ಷಣ ಪರದೆಯನ್ನೇ ನೋಡುತ್ತಾ ಕುಳಿತಳು. ದೊಡ್ಡ ಮದ್ದು ನಾಡಿದ್ದು ಬರುವುದಿತ್ತು. ಹಾಲಿರುವ ಎದೆಗೆ ಅದು ಇಳಿದರೆ ಎದೆ ಬೇಯುತ್ತದೆ. ಆ ಹಾಲು ಕುಡಿದ ಕೂಸಿನ ಗಂಟಲ ಗ್ರಂಥಿ ಸುಟ್ಟುಹೋಗುತ್ತದೆ, ಆಮೇಲೆ ಅದರ ಆಯಸ್ಸೆಲ್ಲ ಗುಳಿಗೆಯ ಮೇಲೆಯೇ. ಸುಮ್ಮನಿದ್ದುಬಿಟ್ಟರೆ? ತಾನಾಗಿಯೇ ಮಾಡಿಕೊಂಡದ್ದು, ತಾನೇ ಉಣ್ಣಲಿ ಎಂದು ಬಾಯಿ ಮುಚ್ಚಿಕೊಂಡುಬಿಟ್ಟರೆ?

ಯೋಚನೆ ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂದದ್ದನ್ನು ಕಾದ ಹೆಂಚು ಮುಟ್ಟಿದವಳ ಹಾಗೆ ಬಿಟ್ಟಳು. ಕೂಸು ಕಂಡವರದಾದರೇನು, ಶತ್ರುವಿನದಾದರೇನು, ಅದರ ಗಂಟಲು ಲುಜೈನಳ ಗಂಟಲಿನಷ್ಟೇ ಸಣ್ಣದು. ಆದರೆ ತಾಯಿಯನ್ನು ಬಿಡಬೇಕೆಂದು ಯಾರೂ ಹೇಳಿರಲಿಲ್ಲವಲ್ಲ.

"ಎದ್ದು ಬನ್ನಿ ಮೇಡಂ, ನೋಡಿ," ಅಂದಳು.

ಗುಸೂನ್ ಗುಂಡಿ ಹಾಕಿಕೊಳ್ಳುತ್ತಾ ಬಂದು ನೋಡಿದಳು. ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಬೆಳಗಿನ ಜಾವ ಒಂದೇ ಒಂದ್ಸಲ ಕಣೇ. ಸೀಸೆ ಮುಟ್ಟಲ್ಲ ಅವನು. ಕಾರ್ಕೊಂಡು ಕಾರ್ಕೊಂಡು ನೀಲಿಯಾಗ್ತಾನೆ. ಮದ್ದು ತಗೊಳ್ಳೋ ದಿನ ಬಿಡಿಸ್ತೀನಿ."

"ನಾಡಿದ್ದು ಬಿಡಿಸಿದ್ರೆ ನಾಡಿದ್ದೇ ಹಾಲು ಆರುತ್ತಾ? ವಾರಗಟ್ಟಲೆ ಮುಂಚೆ ಬಿಡಿಸ್ಬೇಕು ಅಂತ ಪಾಠ ಮಾಡೋರು ಯಾರು?"

"ಗೊತ್ತು ಕಣೇ, ಗೊತ್ತು. ನಾನೇ ಸಾರ್ ಹತ್ರ ಮಾತಾಡಿ ಮುಂದಕ್ಕೆ ಹಾಕಿಸ್ಕೋತೀನಿ. ನೀನು ಇದನ್ನ ಮಧ್ಯಾಹ್ನದ ಸಭೆಗೆ ಮಾತ್ರ ಕಳಿಸ್ಬೇಡ. ನನ್ನ ಮಾನ ಉಳಿಸು."

ಬುಸೈನಾ ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. ಕೈ ತೊಳೆಯಲು ಹೋದಳು.

ಬೆಳಿಗ್ಗೆ ತೆಗೆದ ಚಿತ್ರಗಳನ್ನು ಹೆಸರು ಅಳಿಸಿ ಮಧ್ಯಾಹ್ನ ನಾಲ್ಕೂ ಊರಿನವರ ಮುಂದೆ ಇಡುವುದು ಆ ಕೂಟದ ಪದ್ಧತಿ. ಒಂದನ್ನೂ ಮುಚ್ಚಿಡಬಾರದು, ಒಬ್ಬರ ತಪ್ಪು ಎಲ್ಲರಿಗೂ ಪಾಠ ಎಂಬ ನಿಯಮ ತಂದವಳು ಗುಸೂನಳೇ. ಅದನ್ನು ಎಲ್ಲರೂ ಹೊಗಳಿದ್ದರು. ಬುಸೈನಾ ಆ ದಿನ ಆ ನಿಯಮವನ್ನು ಅಕ್ಷರಶಃ ಪಾಲಿಸಿದಳು.

ಸಭೆಯ ಕೋಣೆ ತುಂಬಿತ್ತು. ಮುಂದಿನ ಸಾಲಿನ ನಡುವೆ ಗುಸೂನ್, ಅವಳ ಪಕ್ಕ ಅದೇ ಮುಖ್ಯ ವೈದ್ಯರು, ಈಗ ತಲೆ ಪೂರ್ತಿ ಬೆಳ್ಳಗಾದವರು. ಗೋಡೆಯ ಪರದೆಯಲ್ಲಿ ಬಸ್ರಾದವರು, ಮಸ್ಕತ್ತಿನವರು, ಸನಾದವರು. ಮೂಳೆಯ ಚಿತ್ರ ಬಂತು, ಹೃದಯದ ಚಿತ್ರ ಬಂತು. ಆಮೇಲೆ ಎರಡು ದೀಪ ಬಂದವು.

ಗುಸೂನ್ ಅಲುಗಾಡಲಿಲ್ಲ. ಹಿಂದಿನ ಬಾಗಿಲಿಗೆ ಒರಗಿ ನಿಂತಿದ್ದ ಬುಸೈನಾಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅಷ್ಟೇ ಸಾಕಾಗಿತ್ತು.

ಸನಾದ ಪರದೆಯಿಂದ ಅರ್ವಾ ಎಂಬ ಚೂಟಿ ಹುಡುಗಿ ಮೊದಲು ಬಾಯಿಬಿಟ್ಟಳು. "ಅಯ್ಯಯ್ಯೋ, ಈ ಅಮ್ಮನಿಗೆ ಹಾಲಿದೆಯಲ್ಲ! ಯಾರೂ ಕೇಳ್ಲೇ ಇಲ್ವಾ?"

ಮುಖ್ಯ ವೈದ್ಯರು ಉಗುರು ನೋಡಿಕೊಂಡರು. "ಕೇಳಿದ್ವಮ್ಮ. ಬಿಡಿಸಿದೀನಿ ಅಂದ್ರು."

ಬಸ್ರಾದ ದಪ್ಪ ಮೀಸೆಯವರು ನಕ್ಕರು. "ಹೇಗೆ ಕೇಳಿರ್ತೀರ ಅಂತ ಗೊತ್ತು ಬಿಡಿ ಡಾಕ್ಟ್ರೇ. ನಾವೂ ಹಾಗೇನೆ. ಗೋಡೆ ನೋಡ್ಕೊಂಡು ಕೇಳ್ತೀವಿ, ಗೋಡೆ ಸರಿ ಅನ್ನುತ್ತೆ, ಬರ್ಕೋತೀವಿ!"

ಕೋಣೆಯೆಲ್ಲ ನಕ್ಕಿತು. ಅರ್ವಾ ನಗಲಿಲ್ಲ. "ಅಂದ್ರೆ ಸುಳ್ಳು ಹೇಳಿದಾರೆ. ಮಗು ಇಟ್ಕೊಂಡು ಸುಳ್ಳು ಹೇಳ್ತಾರಾ? ಎಂಥ ತಾಯಿ ಸಾರ್ ಇವರು?"

ಉತ್ತರ ಕೊಡಬೇಕಾದದ್ದು ಸಂಯೋಜಕಿ. ಸಂಯೋಜಕಿಯ ಕೈ ಕುತ್ತಿಗೆಯ ರೇಷ್ಮೆ ವಸ್ತ್ರದ ಗಂಟಿನ ಮೇಲೆ ಇತ್ತು, ಅಲ್ಲೇ ಇತ್ತು.

"ಸರಿ, ನಾಡಿದ್ದಿನ ಮದ್ದು ಬೇರೆ ರೋಗಿಗೆ ಹೋಗ್ಲಿ," ಅಂದರು ಮುಖ್ಯ ವೈದ್ಯರು. "ಈ ರೋಗಿ ಹೆಸರಿನ ಮುಂದೆ ಏನಂತ ಬರೆಯೋಣ?"

"ನಾನು ಹೇಳ್ಲಾ ಸಾರ್?" ಬುಸೈನಾ ಹಿಂದಿನಿಂದ ಅಂದಳು. ಅವಳ ದನಿ ಅವಳಿಗೇ ಹಿತವಾಗಿ ಕೇಳಿಸಿತು. "ಹಾಲೂಡಿಸುವ ತಾಯಿ, ಬರಲಾಗುವುದಿಲ್ಲ."

ಮುಖ್ಯ ವೈದ್ಯರ ಪೆನ್ನು ನಿಂತಿತು. ಎಲ್ಲೋ ಕೇಳಿದ ಮಾತು ಎಂಬಂತೆ ಅವರು ತಿರುಗಿ ನೋಡಿದರು. ನೆನಪಾಯಿತೋ ಇಲ್ಲವೋ, ಆಮೇಲೆ ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಗುಸೂನ್ ತಿರುಗಲಿಲ್ಲ. ಅವಳ ಕಿವಿಗಳು ಮಾತ್ರ ದಾಳಿಂಬೆಯ ಹಾಗೆ ಕೆಂಪಾದವು.

ಆ ದಿನ ಬುಸೈನಾ ಮನೆಗೆ ಹೋಗಿ ಮಕ್ಲೂಬ ಅನ್ನದ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿ, ಬದನೆಕಾಯಿ ತಳಕ್ಕೆ ಅಂಟದೆ ಇಡಿಯಾಗಿ ಬಿದ್ದದ್ದನ್ನು ನೋಡಿ ನಕ್ಕಳು. ಎರಡು ಸಲ ಬಡಿಸಿಕೊಂಡಳು. ನಡೆದದ್ದನ್ನು ಅತ್ತೆಗೆ ಬಿಡದೆ ಹೇಳಿದಳು.

"ಹೊಟ್ಟೆ ತಣ್ಣಗಾಯ್ತಾ?" ಅಂದಳು ಅತ್ತೆ.

"ಆಯ್ತು."

"ಸುಳ್ಳಿ. ಉಂಡವಳ ಮುಖವಾ ಇದು? ಇನ್ನೊಂದು ತಟ್ಟೆ ಕಾಯ್ತಾ ಇದೀಯ ನೀನು."

ಅತ್ತೆ ಸುಮ್ಮನೆ ಮುದುಕಿಯಾದವಳಲ್ಲ.

ಮುಂದಿನ ನೀರಿನ ದಿನ, ವಾರಕ್ಕೊಮ್ಮೆ ತೊಟ್ಟಿ ತುಂಬುವಾಗ ಓಣಿಯ ಹೆಂಗಸರೆಲ್ಲ ಬಟ್ಟೆ ರಾಶಿ ಹಾಕಿಕೊಂಡು ಕೂತಿರುವ ಹೊತ್ತಿಗೆ, ಮೆಟ್ಟಿಲು ಕೆಳಗಿನಿಂದ ಒಂದು ಕೂಸಿನ ಅಳು ಏರಿ ಬಂತು. ಹಸಿದ ಅಳು. ಬುಸೈನಾಗೆ ಅದು ಕಿವಿಗಿಂತ ಮೊದಲು ಎದೆಗೆ ಕೇಳಿಸಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಬಗ್ಗಿ ನೋಡಿದರೆ, ಗುಸೂನ್. ಏದುಸಿರು ಬಿಡುತ್ತಾ, ಓಣಿಯ ಕಣ್ಣುಗಳನ್ನೆಲ್ಲ ದಾಟಿಕೊಂಡು, ಕಿನಾನ್‌ನನ್ನು ಹೊತ್ತು ಬರುತ್ತಿದ್ದಳು.

ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಕೂರಿಸಿದರು. ಅತ್ತೆ ಏಲಕ್ಕಿ ಹಾಕಿದ ಕಾಫಿ ತಂದಿಟ್ಟಳು. ಗುಸೂನ್ ಬಟ್ಟಲನ್ನು ಕೈಗೆ ತೆಗೆದುಕೊಂಡಳು, ಕುಡಿಯದೆ ಕೆಳಗಿಟ್ಟಳು.

ಆ ನಾಡಿನಲ್ಲಿ ಇದಕ್ಕೆ ಮೇಲೆ ಮಾತು ಬೇಡ. ಏನನ್ನೋ ಬೇಡಲು ಬಂದವರು ಬಟ್ಟಲು ಕೆಳಗಿಡುತ್ತಾರೆ. ಕೊಡುತ್ತೇನೆ, ಕುಡಿಯಿರಿ ಎಂದು ಮನೆಯವರು ಹೇಳುವವರೆಗೂ ತುಟಿಗೆ ತಾಕಿಸುವುದಿಲ್ಲ. ಕೊಲೆಯ ರಾಜಿಯಾಗಲಿ, ಹೆಣ್ಣು ಕೇಳುವುದಾಗಲಿ, ಹಾಗೆಯೇ. ಕುಡಿಯಿರಿ ಎಂದು ಬೇಗ ಹೇಳುವುದು ಮನೆಯವರ ದೊಡ್ಡತನ.

ಬುಸೈನಾ ದೊಡ್ಡತನ ತೋರಿಸಲಿಲ್ಲ. ಕುಕ್ಕರಿಸಿ ಕೂತು ಬಟ್ಟೆ ಹಿಂಡತೊಡಗಿದಳು.

"ಪೂರ್ತಿ ಬಿಡಿಸ್ದೆ," ಅಂದಳು ಗುಸೂನ್. "ಹಬ್ಬ ಆದ್ಮೇಲೆ ಮತ್ತೆ ಮದ್ದು ಬರುತ್ತೆ. ಅಷ್ಟರಲ್ಲಿ ನಂಗೆ ಹಾಲು ಆರಬೇಕು. ಇವನು ಸೀಸೆ ಮುಟ್ಟಲ್ಲ. ಚಮಚ ಉಗೀತಾನೆ. ನೋಡೇ, ತೊಡೆ ಹೇಗಾಗಿದೆ."

"ಅಂಗಡೀಲಿ ಹಾಲುಪುಡಿ ಡಬ್ಬ ಸಿಗುತ್ತಮ್ಮ," ಅತ್ತೆ ತಣ್ಣಗೆ ಅಂದಳು. "ನನ್ನ ಮೊಮ್ಮಗಳು ಅದನ್ನೇ ಕುಡಿದು ಬೆಳೆದದ್ದು. ಬೇಕು ಬೇಕಾದ ಬಣ್ಣದ್ದು ಸಿಗುತ್ತೆ."

ಗುಸೂನ್ ಅದನ್ನು ನುಂಗಿಕೊಂಡಳು. "ನಂಗೆ ಅಕ್ಕತಂಗಿ ಇಲ್ಲ. ಹಾಲಿರೋ ಹೆಂಗಸು ಅಂತ ನಾನು ಹೋಗಿ ಬಾಗಿಲು ತಟ್ಟಬಹುದಾದ್ದು ಈ ಊರಲ್ಲಿ ಇದೊಂದೇ ಮನೆ."

"ತಟ್ಟಬಹುದಾದ್ದು!" ಬುಸೈನಾ ನಕ್ಕಳು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ "ಮೇಡಂ" ಆ ನಗೆಯಲ್ಲಿ ಉದುರಿಹೋಯಿತು. "ನೀನೇ ಹೇಳು. ನಿನ್ನ ಬಾಯಿಂದ. ಬೈರೂತಿಗೆ ಯಾರು ಹೋಗ್ಬೇಕಿತ್ತು?"

"ನೀನು."

"ನಾನು ಬರಲ್ಲ ಅಂದಿದ್ನಾ?"

"ಇಲ್ಲ."

"ಹಾಲು ಬಿಡಿಸಿದೀನಿ ಅಂತ ನಿಂಗೆ ಗೊತ್ತಿತ್ತಾ?"

"ಬಟ್ಟೆ ಬಿಗಿದು ಕಟ್ಟಿದ್ದೇ ನಾನು." ಗುಸೂನಳ ದನಿ ಒಡೆಯಿತು. "ಕ್ಷಮಿಸೇ."

"ಅದನ್ನ ನಾನು ಕೇಳ್ಲಿಲ್ಲ."

ಕಾಫಿಯ ಮೇಲೆ ತೆಳ್ಳಗೆ ಕೆನೆಯಂಥ ಪೊರೆ ಕಟ್ಟಿತು. ಓಣಿಯಲ್ಲಿ ಗ್ಯಾಸ್ ಬಂಡಿ ತನ್ನ ಸಂಗೀತ ಹಾಕಿಕೊಂಡು ಹಾದುಹೋಯಿತು. ಬುಸೈನಾ ಇನ್ನೊಂದಿಷ್ಟು ಹೊತ್ತು ಕಾಯುತ್ತಿದ್ದಳೇನೋ. ಆದರೆ ಕಿನಾನ್‌ನ ಅಳು ಇದ್ದಕ್ಕಿದ್ದಂತೆ ಸಣ್ಣಗಾಯಿತು. ಜೋರಾಗಿ ಅಳುವ ಕೂಸಿಗೆ ಹೆದರಬೇಕಿಲ್ಲ, ಸಣ್ಣಗಾದ ಅಳುವಿಗೆ ಹೆದರಬೇಕು. ಬುಸೈನಾಳ ಅಂಗಿಯ ಮುಂಭಾಗ ಒದ್ದೆಯಾಗಿತ್ತು, ಹಿಂಡಿದ ಬಟ್ಟೆಯ ನೀರಿನಿಂದಲ್ಲ.

ಎದ್ದಳು. ಮೊಣಕೈವರೆಗೂ ಮೂರು ಸಲ ತೊಳೆದಳು. ಕೂಸನ್ನು ಗುಸೂನಳ ತೊಡೆಯಿಂದ, ಕೇಳದೆ, ಎತ್ತಿಕೊಂಡಳು.

"ಹೊಟ್ಟೆ ತುಂಬ ಐದು ಸಲ ಕುಡಿದ್ರೆ ಇವನು ನನ್ನ ಮಗ. ಗೊತ್ತಲ್ಲ? ದೇವರ ಲೆಕ್ಕದಲ್ಲಿ, ಊರಿನ ಲೆಕ್ಕದಲ್ಲಿ. ನನ್ನ ಹೆಣ್ಣುಮಕ್ಕಳಿಗೆ ತಮ್ಮ. ಆಮೇಲೆ ನೀನು ಬೇಡ ಅಂದ್ರೂ ಅಳಿಸೋಕಾಗಲ್ಲ."

"ಗೊತ್ತು."

"ಹಬ್ಬದ ದಿನ ಮೊದಲು ಈ ಮನೆಗೆ ಬಂದು ನನ್ನ ಕೈಗೆ ಮುತ್ತಿಡ್ಬೇಕು, ಆಮೇಲೆ ನಿನ್ನ ಕೈಗೆ. ಮದುವೇಲಿ ನಾನು ನಿನ್ನ ಪಕ್ಕ ಕೂರ್ತೀನಿ, ಹಿಂದಿನ ಸಾಲಲ್ಲಲ್ಲ."

"ಆಗಲಿ."

"ಬೆಳೆದ್ಮೇಲೆ ಒಂದಿನ ಕೇಳ್ತಾನೆ, ಅಮ್ಮಾ, ಆಯಮ್ಮ ನಂಗೆ ಹೇಗೆ ತಾಯಿಯಾದ್ಲು ಅಂತ. ಕಾಯಿಲೆಯಿಂದ ಶುರು ಮಾಡ್ಬೇಡ. ಬೈರೂತಿಂದ ಶುರು ಮಾಡು. ಒಂದು ಮಾತೂ ನುಂಗದೆ. ನಾನೇ ಹೇಳ್ಬಹುದು. ಆದ್ರೆ ನಿನ್ನ ಬಾಯಿಂದಲೇ ಕೇಳ್ಬೇಕು ಅವನು."

ತನ್ನ ಮಗನ ಮುಂದೆ ತಾನು ಏನಾಗಿ ನಿಲ್ಲಬೇಕಾಗುತ್ತದೆಂದು ಗುಸೂನ್‌ಗೆ ಕಾಣುತ್ತಿತ್ತು. ಎರಡು ದೀಪ ಕಂಡಷ್ಟೇ ನಿಚ್ಚಳವಾಗಿ.

"ಹೇಳ್ತೀನಿ," ಅಂದಳು.

ಬುಸೈನಾ ಗೋಡೆಗೊರಗಿ ಕೂತು ಸೆರಗಿನಂತೆ ತಲೆವಸ್ತ್ರದ ತುದಿಯನ್ನು ಎಳೆದುಕೊಂಡಳು. ಕೂಸು ಒಮ್ಮೆ ಮೂಗಿನಿಂದ ತಡಕಾಡಿ, ಕಚ್ಚಿ ಹಿಡಿಯಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಕೋಣೆಗೆಲ್ಲ ಕೇಳಿಸಿತು. ಗುಸೂನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಈಗ ಕುಡಿ," ಅಂದಳು ಬುಸೈನಾ.

"ತಾಳು, ಬೇರೆ ಬಿಸಿ ಮಾಡಿ ತರ್ತೀನಿ," ಅತ್ತೆ ಏಳಹೋದಳು.

"ಬೇಡ ಅತ್ತೆ. ಅದನ್ನೇ ಕುಡೀಲಿ."

ಗುಸೂನ್ ಆರಿದ ಕಾಫಿಯನ್ನು ಪೊರೆಯ ಸಮೇತ, ಗಸಿಯವರೆಗೂ ಕುಡಿದಳು.

ಆ ಹೊತ್ತಿಗೆ ರಹಫ್ ಶಾಲೆಯಿಂದ ಬಂದಳು. ಬೆನ್ನ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತು ನೋಡಿದಳು. ಅಮ್ಮನ ಮಡಿಲಲ್ಲಿ ಇರಬೇಕಾದದ್ದು ಲುಜೈನ್, ಇದು ಲುಜೈನ್ ಅಲ್ಲ.

"ಯಾರಮ್ಮಾ ಇವನು?"

"ನಿನ್ನ ತಮ್ಮ."

ರಹಫ್ ಹತ್ತಿರ ಬಂದಳು. ಕೂಸಿನ ಕೆನ್ನೆ ಉಬ್ಬಿ ಇಳಿಯುವುದನ್ನು, ಅದರ ಬೆರಳು ಅಮ್ಮನ ಅಂಗಿಯನ್ನು ಮುದುರಿ ಹಿಡಿದಿರುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಮಕ್ಕಳು ಕೇಳುವ ಹಾಗೆ, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲದೆ ಕೇಳಿದಳು: "ನಂಗೂ ಹೀಗೇ ಕುಡಿಸ್ತಿದ್ಯಾ?"

ಈ ಒಂದು ಪ್ರಶ್ನೆಯನ್ನು ಬುಸೈನಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಡಿಲಲ್ಲಿದ್ದ ಕೂಸು ಕುಡಿಯುತ್ತಲೇ ಇತ್ತು, ಒಬ್ಬಳಿಗೆ ಸಿಗದೇ ಹೋದದ್ದನ್ನೂ ಸೇರಿಸಿ ಕುಡಿಯುವ ಹಾಗೆ. ಅವಳು ತಲೆಯೆತ್ತಿ ಎದುರಿಗಿದ್ದವಳನ್ನು ನೋಡಿದಳು.

"ಈ ಆಂಟೀನ ಕೇಳು ಮಗಳೇ. ಅವರು ಹೇಳ್ತಾರೆ."

ರಹಫ್ ತಿರುಗಿದಳು. ಗುಸೂನ್ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಿಟ್ಟರೆ ಬಿದ್ದೀತೆಂಬಂತೆ ಕೂತಿದ್ದಳು. ಒಮ್ಮೆ ಬುಸೈನಾಳ ಮುಖ ನೋಡಿದಳು. ಅಲ್ಲಿ ಬಿಡುಗಡೆ ಇರಲಿಲ್ಲ.

"ಬೈರೂತ್ ಅಂತ ಒಂದು ಊರಿದೆ ಕಂದ," ಅಂದಳು. "ಅಲ್ಲಿಗೆ ನಿಮ್ಮಮ್ಮ ಹೋಗ್ಬೇಕಿತ್ತು..."